ಎಂಜಲು ಹಚ್ಚಬಾರದ ಚಿತ್ರ

ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತುವುದು, ಬಾಯಲ್ಲಿಟ್ಟು ನಾಲಿಗೆಯ ಮೇಲೆ ಒಮ್ಮೆ ಹೊರಳಿಸುವುದು, ಚಿತ್ರದ ಮೇಲೆ ಬೆರಳಗಲದ ಜಾಗದಲ್ಲಿ ಮೆಲ್ಲಗೆ ಉರುಳಿಸುವುದು, ಹತ್ತಿ ಕಪ್ಪಾದ ಕೂಡಲೇ ಬಿಸಾಡಿ ಇನ್ನೊಂದು ಸುತ್ತುವುದು. ಬೆಳಗಿನಿಂದ ಇದೇ ಕೆಲಸ. ಚಿತ್ರ ರಿಪೇರಿಯವಳ ಕಾಲಬುಡದಲ್ಲಿ ಕಪ್ಪು ಹತ್ತಿಯ ಉಂಡೆಗಳು ಸತ್ತ ನೊಣಗಳಂತೆ ರಾಶಿ ಬಿದ್ದಿದ್ದವು. ದೀಪದ ಹೊಗೆ, ಧೂಳು, ನೋಡಲು ಬಂದವರ ಉಸಿರು, ಎಲ್ಲ ಸೇರಿ ಆ ಚಿತ್ರದ ಮೇಲೆ ಒಂದು ತೊಗಲು ಬೆಳೆದಿತ್ತು. ಅದನ್ನು ಸುಲಿದಂತೆಲ್ಲ ಹೆಂಗಸೊಬ್ಬಳ ಕೈ, ಮೊಣಕೈ, ತೋಳು ಒಂದೊಂದಾಗಿ ಮೇಲೆ ಬರುತ್ತಿದ್ದವು.

"ಎಂಜಲು ಹಚ್ಚಬೇಡ ಮಗಳೇ."

ಬಾಗಿಲಲ್ಲಿ ಮನೆಯ ದೊಡ್ಡಮ್ಮ ನಿಂತಿದ್ದಳು. ಈ ಚಿತ್ರ ಬರೆದು ಹೆಸರು ಮಾಡಿ ಸತ್ತ ಮಹಾನುಭಾವನ ಸೊಸೆ. ಕೈಯಲ್ಲಿ ನೀರಿನ ಲೋಟ, ಕಣ್ಣು ನೆಲದ ಮೇಲೆ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾದೀತೆಂದು ಅಂಜುವಂಥ ಸಣ್ಣ ದನಿ.

"ಇದು ನಮ್ಮ ಕಸುಬು ದೊಡ್ಡಮ್ಮ," ಎಂದು ರಿಪೇರಿಯವಳು ನಕ್ಕಳು. "ಉಗುಳಿನಂಥ ಸಾಬೂನು ಇನ್ನೊಂದಿಲ್ಲ. ಬಣ್ಣ ಕೀಳಲ್ಲ, ಕೊಳೆ ಬಿಡಲ್ಲ. ನಮ್ಮ ಗುರುಗಳು ದೇವರ ಮುಖಾನೂ ಇದರಲ್ಲೇ ತೊಳೆದಿದ್ದಾರೆ. ಯಾವ ದೇವರೂ ಮುನಿಸ್ಕೊಂಡಿಲ್ಲ."

"ದೇವರ ಮಾತು ಬೇರೆ. ಇವಳಿಗೆ ನಿಂದು ಅಂತ ಏನೂ ಕೊಡಬೇಡ. ಕೂದಲು, ಉಗುರು, ಎಂಜಲು... ಏನೂ. ತುಟಿ, ಕೊರಳಿನ ಹತ್ರ ಅಂತೂ ಹೋಗಲೇಬೇಡ. ಈ ಚಿತ್ರಕ್ಕೆ ಮಾಟ ಮಾಡಿಸಿದ್ದಾರೆ."

"ಮಾಡಿದ್ದು ಜೇಡ ಇರಬೇಕು. ಚೌಕಟ್ಟಿನ ಹಿಂದೆ ಸಂಸಾರ ಹೂಡಿತ್ತು, ನಾನೇ ಖಾಲಿ ಮಾಡಿಸಿದೆ."

ದೊಡ್ಡಮ್ಮ ನಗಲಿಲ್ಲ. ಲೋಟವನ್ನು ಮೇಜಿನ ಮೂಲೆಯಲ್ಲಿಟ್ಟು, ಗೋಡೆ ತಡವಿಕೊಂಡು, ಕಣ್ಣೆತ್ತದೆ ಹೊರಟುಹೋದಳು. ಎಂಥ ನಾಚಿಕೆಯ ಮುದುಕಿಯಪ್ಪ ಎಂದುಕೊಂಡಳು ಇವಳು. ಹೊಸ ಹತ್ತಿ ಸುತ್ತಿದಳು. ಮುಂದಿನ ಜಾಗ ಭುಜದ್ದು. ಬೇಡ ಎಂದದ್ದನ್ನೇ ಮಾಡುವ ಹಟ ಅವಳಿಗೆ ಹುಟ್ಟಿನಿಂದ ಬಂದದ್ದು. ಭುಜ ಬಿಟ್ಟು ನೇರ ತುಟಿಗೆ ಹೋದಳು.

ಆ ಚಿತ್ರವನ್ನು ನೋಡದವರು ಆ ಸೀಮೆಯಲ್ಲಿ ಇರಲಿಲ್ಲ. ಕಿಟಕಿಯ ಪಕ್ಕ ಕೂತ ಹೆಂಗಸು. ಗದ್ದ ಎದೆಗೆ ತಾಗುವಷ್ಟು ತಗ್ಗಿದೆ. ರೆಪ್ಪೆ ಇಳಿದಿದೆ, ತುಟಿ ಹೊಲಿದಂತೆ ಕೂಡಿದೆ. ಹೆಸರು ‘ಲಜ್ಜೆ’. ಅದು ಅಚ್ಚಾಗಿ, ಕ್ಯಾಲೆಂಡರಾಗಿ, ಬಿಸ್ಕತ್ತು ಡಬ್ಬದ ಮುಚ್ಚಳವಾಗಿ ಮನೆಮನೆ ಹೊಕ್ಕಿತ್ತು. ಕ್ಷೌರದಂಗಡಿಯಲ್ಲಿತ್ತು, ಅಂಚೆ ಕಚೇರಿಯಲ್ಲಿತ್ತು, ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಲ್ಲದಿದ್ದರೆ ಆ ಮನೆಯ ಬಗ್ಗೆಯೇ ಜನ ಅನುಮಾನ ಪಡುತ್ತಿದ್ದರು. ರಿಪೇರಿಯವಳ ಮನೆಯಲ್ಲಿ ಊಟದ ಮೇಜಿನ ಎದುರಿಗೇ ಇತ್ತು. ಅಕ್ಕ ಬಾಯ್ತುಂಬ ನಕ್ಕಾಗಲೆಲ್ಲ ಅಪ್ಪ ಚಮಚದಿಂದ ತಟ್ಟೆಯ ಅಂಚನ್ನು ಕುಟ್ಟಿ, ಅದೇ ಚಮಚದಿಂದ ಗೋಡೆ ತೋರಿಸುತ್ತಿದ್ದ.

"ಅವಳನ್ನ ನೋಡಿ ಕಲಿ."

"ಅವಳಿಗೆ ಕತ್ತು ನೋವಪ್ಪ," ಎನ್ನುತ್ತಿದ್ದಳು ಅಕ್ಕ.

ಆ ಅಕ್ಕ ದೊಡ್ಡವಳಾಗಿ ಕಲಾಶಾಲೆಯಲ್ಲಿ ಚಿತ್ರಕ್ಕೆ ಕೂರುವ ಕೆಲಸ ಹಿಡಿದಳು. ಅಲುಗಾಡದೆ ಕೂರುವುದೂ ಮೈಮುರಿಯುವ ದುಡಿಮೆಯೇ. ಒಬ್ಬ ವಿದ್ಯಾರ್ಥಿ ಬರೆದ ಅವಳ ಚಿತ್ರಕ್ಕೆ ಬಹುಮಾನ ಬಂತು. ಅದರಲ್ಲಿ ಅವಳು ನೋಡುವವರನ್ನು ನೇರವಾಗಿ ನೋಡುತ್ತಿದ್ದಳು. ಅಪ್ಪನ ಗೆಳೆಯರು ಟಿಕೆಟ್ಟು ಕೊಂಡು ಹೋಗಿ, ಚಿತ್ರದ ಮುಂದೆ ತಲೆದೂಗಿ, ಬಂದು ಅಪ್ಪನ ಕಿವಿ ಊದಿದರು. ಚಿತ್ರಕ್ಕೆ ಚಪ್ಪಾಳೆ ಸಿಕ್ಕಿದ ವಾರದಲ್ಲೇ ಚಿತ್ರದವಳ ಪೆಟ್ಟಿಗೆ ಬೀದಿಗೆ ಬಿತ್ತು. ತಂಗಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಅವತ್ತು ಆಡಬೇಕಿದ್ದ ಒಂದು ಮಾತನ್ನು ನುಂಗಿದವಳು, ಆಮೇಲೆ ಬೇಡದ ಮಾತುಗಳನ್ನೆಲ್ಲ ಆಡಿಕೊಂಡೇ ಬದುಕಿದಳು. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಅವಳನ್ನೇ ಕರೆಯಬಹುದಿತ್ತು. ಬಸ್ಸಿನಲ್ಲಿ ಜಗಳ, ಅಂಗಡಿಯಲ್ಲಿ ಚೌಕಾಸಿ, ಒಬ್ಬಳೇ ಇದ್ದಾಗ ಚಿತ್ರಗಳ ಜೊತೆ ಹರಟೆ.

‘ಅಕ್ಕಾ, ಮನೆಗೆ ಬಾ’ ಎಂದು ಬರೆದ ಕಾಗದ ಅವಳ ಉಪಕರಣದ ಚೀಲದ ಒಳಜೇಬಿನಲ್ಲಿತ್ತು. ಅಪ್ಪ ತೀರಿಕೊಂಡ ವರ್ಷ ಅವಳು ಬರೆದದ್ದು. ಅಂಟಿಸಿ, ವಿಳಾಸ ಬರೆದು, ಸ್ಟಾಂಪೂ ಹಚ್ಚಿ, ಹಾಕದೆ ಉಳಿದದ್ದು. ಇಂಥ ಮಾತನ್ನು ಕಾಗದದಲ್ಲಿ ಆಡಬಾರದು, ಒಂದು ದಿನ ಹೋಗಿ ಎದುರಿಗೆ ಕೂತು ಬಾಯ್ತುಂಬ ಹೇಳಿದರಾಯಿತು ಎಂದು ಅವಳ ಲೆಕ್ಕಾಚಾರ. ಬಾಯಿ ಎಲ್ಲಿಗೆ ಹೋಗುತ್ತದೆ?

ಮಧ್ಯಾಹ್ನ ಮನೆಯ ಯಜಮಾನ ಬಂದ. ದೊಡ್ಡಮ್ಮನ ಮಗ, ಅಂದರೆ ಚಿತ್ರಕಾರನ ಮೊಮ್ಮಗ. ಅಜ್ಜನ ಹೆಸರಿನಲ್ಲಿ ಚಿತ್ರಶಾಲೆ ತೆರೆಯುವ ಸಡಗರದಲ್ಲಿದ್ದ.

"ಮೇಡಂ, ಮುಖ ಇನ್ನೂ ಸ್ವಲ್ಪ ಬೆಳ್ಳಗೆ ಬರಲಿ. ನಡುವೂ ಒಂಚೂರು..." ಎಂದು ಗಾಳಿಯಲ್ಲೇ ಎರಡು ಕೈಯಿಂದ ನಡುವನ್ನು ಹಿಂಡಿ ತೋರಿಸಿದ.

"ನಾನು ಕೊಳೆ ತೆಗೆಯೋಳು ಸಾರ್. ನಡು ಹಿಡಿಸೋದಿದ್ರೆ ದರ್ಜಿ ಹತ್ರ ಹೋಗಿ."

"ತುಂಬ ಮಾತಾಡ್ತೀರಿ ನೀವು." ಅವನು ನಕ್ಕು ಚಿತ್ರದ ಕಡೆ ಬೆರಳು ಮಾಡಿದ. "ಅವಳನ್ನ ನೋಡಿ ಕಲೀಬೇಕು."

ತಟ್ಟೆಯ ಅಂಚಿಗೆ ಚಮಚ ಕುಟ್ಟಿದ ಸದ್ದು ಅವಳ ಕಿವಿಯಲ್ಲಿ ಕೇಳಿಸಿತು.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡಳು. ಬಿಸಿಲು ಬಿದ್ದು ಬಣ್ಣ ಹಾಳಾಗದಿರಲೆಂದು ಕಿಟಕಿಗಳಿಗೆಲ್ಲ ದಪ್ಪ ಕಪ್ಪು ಪರದೆ. ನಡುಹಗಲಲ್ಲೂ ಆ ಕೋಣೆ ಗವಿ. ಮೇಜುದೀಪದ ಬೆಳಕು ಚಿತ್ರದ ಮುಖದ ಮೇಲಷ್ಟೇ ಬಿದ್ದಿತ್ತು. ತುಟಿ ಮುಗಿಯಿತು. ಕೊರಳಿಗೆ ಇಳಿದಳು. ಹಳೆಯ ಎಣ್ಣೆಬಣ್ಣದ ಕಮಟು ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಕೂದಲಿನದು. ದೀಪಕ್ಕೆ ತನ್ನದೇ ಕೂದಲು ತಾಗಿತೇ ಎಂದು ತಲೆ ಸವರಿಕೊಂಡಳು. ಇಲ್ಲ.

"ಗದ್ದ ತಗ್ಗಿಸು."

ಕಿವಿಯ ಹಿಂದೆಯೇ. ಗಂಡಸಿನ ದನಿ. ಮುದ್ದಿಸುವಂಥ ಮೆದು ದನಿ.

ತಿರುಗಿದಳು. ಪರದೆ, ಗೋಡೆ, ಮುಚ್ಚಿದ ಬಾಗಿಲು.

"ಇನ್ನೂ ಸ್ವಲ್ಪ. ಹಾಂ. ಅಲುಗಾಡಬೇಡ."

ಅವಳ ಗದ್ದ ತಾನಾಗಿ ಕೆಳಗಿಳಿಯಿತು. ಬೆಳಗಿನಿಂದ ಬಗ್ಗಿ ಕೂತದ್ದಕ್ಕೆ ಕತ್ತು ಹಿಡಿದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಬಾಯಿ ಒಣಗಿ ಹಲಗೆಯಾಗಿತ್ತು. ದೊಡ್ಡಮ್ಮ ಇಟ್ಟ ನೀರನ್ನು ಗಟಗಟ ಕುಡಿದಳು. ನಾಲಿಗೆ ಒದ್ದೆಯಾಗಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ಪಕ್ಕದವನು ಕಾಲಗಲಿಸಿ ಅವಳನ್ನು ಕಿಟಕಿಗೆ ಒತ್ತಿದ. ಬೇರೆ ದಿನವಾಗಿದ್ದರೆ, ಇದೇನು ನಿಮ್ಮ ಮನೆ ಮಂಚವಾ ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಕೇಳುತ್ತಿದ್ದಳು. ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ಗದ್ದ ತಗ್ಗಿತು. ಇಳಿಯುವ ಜಾಗ ಬಂದು ಹೋಯಿತು, ನಿಲ್ಲಿಸಿ ಎನ್ನಲಾಗಲಿಲ್ಲ. ಅಂಗಡಿಯವನು ಕೊಳೆತ ಹಣ್ಣು ಹಾಕಿದ, ತೆಗೆದುಕೊಂಡು ಬಂದಳು. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ತಡೆದು, "ಏನಮ್ಮಾ, ಇತ್ತೀಚೆಗೆ ಎಷ್ಟು ಲಕ್ಷಣವಾಗಿ ಕಾಣ್ತೀಯ! ಮೊದಲು ಬರೀ ಬಾಯಿ," ಎಂದು ಮೆಚ್ಚಿದಳು. ಮನೆಯೊಡೆಯ, "ಈಗ ಸಂಸಾರವಂದಿಗರ ಥರ ಇದ್ದೀರಿ," ಎಂದ. ಗಂಟಲಿಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರು, "ಏನೂ ಇಲ್ಲಮ್ಮ. ಹೆಂಗಸರಿಗೆ ಸ್ವಲ್ಪ ಮೌನ ಒಳ್ಳೇದೇ," ಎಂದು ತಮ್ಮ ಜೋಕಿಗೆ ತಾವೇ ನಕ್ಕರು.

ದನಿ ದಿನದಿನಕ್ಕೆ ಸೋರಿ ಪಿಸುಮಾತಾಯಿತು. ಅವಳು ಸಾಯುತ್ತಿದ್ದಳು, ಊರು ಅವಳನ್ನು ಹೊಗಳುತ್ತಿತ್ತು. ಅವಳ ಬೆನ್ನಿನಲ್ಲಿ ಚಳಿ ಹುಟ್ಟಿಸಿದ್ದು ಆ ಹೊಗಳಿಕೆ.

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಣ್ಣು ಕೊರಳಿಗಿಂತ ಮೇಲೆ ಏರಲಿಲ್ಲ. ತನ್ನ ಮುಖ ತನಗೇ ಕಾಣಲಿಲ್ಲ. ಕೊರಳು ಮಾತ್ರ ಕಂಡಿತು. ಅದರ ಸುತ್ತ, ಒಳಗಿನಿಂದ ಬಿಗಿದಂತೆ, ಕೂದಲೆಳೆಯಷ್ಟು ತೆಳ್ಳಗಿನ ನೀಲಿ ಗೆರೆ.

ಆ ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿಕೊಂಡು ದೊಡ್ಡಮ್ಮನ ಅಡುಗೆಮನೆಗೆ ಹೋದಳು. ಇಬ್ಬರೂ ಎದುರುಬದುರು ಕೂತರು. ಇಬ್ಬರಿಗೂ ಎದುರಿನವರ ಕೈ ಮಾತ್ರ ಕಾಣುತ್ತಿತ್ತು.

"ಹಚ್ಚಿದೆಯಾ?"

"ಹಚ್ಚಿದೆ."

"ಕೊರಳಿಗೂ?"

"ಕೊರಳಿಗೂ. ಅದೇನು ದೊಡ್ಡಮ್ಮ ಅದು?"

ದೊಡ್ಡಮ್ಮ ಬೆರಳು ಹಿಸುಕಿಕೊಂಡಳು. "ಅತ್ತೆ ಸಾಯೋವಾಗ ಹೇಳಿದ್ರು. ಆ ಚಿತ್ರದಲ್ಲಿರೋಳು ಕೂತಲ್ಲಿ ಕೂರೋಳಲ್ಲವಂತೆ. ಚಿತ್ರಕ್ಕೆ ಕೂತ್ಕೊಂಡೇ ಮಾವನೋರಿಗೆ ಪಾಠ ಹೇಳೋಳಂತೆ, ‘ಕೈ ಹಾಗಲ್ಲ ಸ್ವಾಮಿ ಇರೋದು, ಸರಿಯಾಗಿ ನೋಡಿ’ ಅಂತ. ಕಣ್ಣಲ್ಲಿ ಕಣ್ಣಿಟ್ಟು ನೋಡೋಳಂತೆ. ಎಷ್ಟು ಸಲ ಅಳಿಸಿ ಬರೆದ್ರೂ ಬಟ್ಟೆ ಮೇಲೆ ಅವಳೇ ಗೆಲ್ಲೋಳು. ಆಗ ಮಾಟಗಾರನ್ನ ಕರೆಸಿದ್ರು. ಬಾಚಿ ಬಿಟ್ಟ ಅವಳ ಕೂದಲು, ಕುಡಿದಿಟ್ಟ ಲೋಟದ ಎಂಜಲು. ಎರಡನ್ನೂ ಅತ್ತೆ ಕೈಯಲ್ಲೇ ತರಿಸಿದ್ರು. ಕೂದಲನ್ನ ಬೆಂಕಿಗೆ ಹಿಡಿದು, ಎಂಜಲಲ್ಲಿ ಅದ್ದಿ, ಗಂಟು ಹಾಕಿ, ಚಿತ್ರದ ಕೊರಳಲ್ಲಿಟ್ಟು ಮೇಲೆ ಬಣ್ಣ ಬಳಿದ್ರು. ಅವತ್ತಿಂದ ಅವಳು ತಲೆ ಎತ್ತಲಿಲ್ಲ. ಚಿತ್ರ ಮುಗೀತು. ಚಿತ್ರ ಗೋಡೆಗೆ ಹೋಯ್ತು, ಅವಳು ಬೀದಿಗೆ ಹೋದಳು. ಚಿತ್ರಕ್ಕೆ ಕೂತವಳು ಅಂತ ಯಾರೂ ಬಾಗಿಲು ತೆಗೀಲಿಲ್ಲ. ಕೂಗೋಣ ಅಂದ್ರೆ ದನಿ ಇಲ್ಲ."

"ನಿಮಗೆ?"

"ಮದುವೆಯಾಗಿ ಹೊಸದಾಗಿ ಬಂದಿದ್ದೆ. ತುಟಿ ಹತ್ರ ಒಂದು ನೊಣದ ಕಲೆ ಇತ್ತು. ಕರವಸ್ತ್ರದ ತುದಿ ಬಾಯಲ್ಲಿ ಒದ್ದೆ ಮಾಡಿ ಒರೆಸಿದೆ. ಅಷ್ಟೇ." ದೊಡ್ಡಮ್ಮನ ಬೆರಳು ಮೇಜಿನ ಮೇಲೆ ಆ ಕಲೆಯಷ್ಟೇ ಜಾಗವನ್ನು ಒರೆಸಿತು. "ಮಗನ ಮುಖ ಅವನು ಮಡಿಲಲ್ಲಿ ಮಲಗೋಷ್ಟು ದಿನ ನೋಡಿದ್ದೀನಿ. ನನಗಿಂತ ಎತ್ತರ ಆದ ಮೇಲೆ ನೋಡಿಲ್ಲ."

ಒಲೆಯ ಮೇಲೆ ಏನೋ ಉಕ್ಕಿತು. ಇಬ್ಬರೂ ಏಳಲಿಲ್ಲ.

"ಗಂಟು ಕಿತ್ತರೆ?" ಎಂದಳು ರಿಪೇರಿಯವಳು.

"ಕಣ್ಣು ತಿರುಗಿ ಬರುತ್ತಂತೆ. ದನಿ ಬರಲ್ಲ. ಗಂಟಿಗೆ ಕೈ ಹಾಕಿದವಳ ದನಿ ಪೂರ್ತಿ ಹೋಗುತ್ತೆ ಅಂತ ಮಾಟಗಾರ ಹೇಳಿದ್ದನಂತೆ. ಅದಕ್ಕೇ ಅತ್ತೆ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಬಿಟ್ಟುಬಿಡು ಮಗಳೇ. ತಲೆ ತಗ್ಗಿಸಿಕೊಂಡ್ರೆ ಈ ಪಿಸುಮಾತಾದ್ರೂ ಉಳಿಯುತ್ತೆ. ನಾನು ಬದುಕಿಲ್ವಾ?"

ರಿಪೇರಿಯವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. ಬಾಗಿಲು ದಾಟುವಾಗ ಅವಳ ಪಿಸುಮಾತು ಕೇಳಿಸಿತು: "ನೀವು ಇದಕ್ಕೆ ಬದುಕು ಅಂತೀರಾ ದೊಡ್ಡಮ್ಮ?"

ಚಿತ್ರದ ಕೋಣೆ ತಣ್ಣಗಿತ್ತು. ದೀಪ ಹಾಕಿದಳು. ಟಾರ್ಚನ್ನು ಚಿತ್ರಕ್ಕೆ ತಾಗಿಸಿದಂತೆ ಪಕ್ಕದಿಂದ ಹಿಡಿದಳು. ಹಾಗೆ ಹಿಡಿದರೆ ಬಣ್ಣದಡಿಯ ಏರುತಗ್ಗು ನೆರಳಾಗಿ ಏಳುತ್ತದೆ. ಕೊರಳ ಕುಳಿಯಲ್ಲಿ ಕಡಲೆಕಾಳಿನಷ್ಟು ಉಬ್ಬು. ಚಾಕು ತೆಗೆದಳು. ಬರೆದವನ ಬಣ್ಣವನ್ನು ಮುಟ್ಟಬಾರದು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ಮುಟ್ಟಿದವಳಿಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ.

"ಕೈ ಕೆಳಗಿಡು," ಎಂದಿತು ಕಿವಿಯ ಹಿಂದಿನ ದನಿ.

ಕೈ ಕೆಳಗಿಳಿಯಿತು.

"ಜಾಣೆ. ಗದ್ದ ತಗ್ಗಿಸು. ತುಟಿ ಕೂಡಿಸು. ಹಾಗೇ ಇರು. ಎಷ್ಟು ಚೆಂದ."

ಉಸಿರು ಕತ್ತಿಗೆ ತಾಗಿತು. ಬಿಸಿ. ಎಣ್ಣೆಯ ವಾಸನೆ. ಕಣ್ಣಿಗೆ ಕಾಣದ ಎರಡು ಬೆರಳು ಅವಳ ಗದ್ದ ಹಿಡಿದವು. ಒತ್ತಿದವು. ಕುರ್ಚಿ ತಾನಾಗಿ ಅವಳ ಮೊಣಕಾಲ ಹಿಂದಕ್ಕೆ ಬಂದು ತಾಗಿತು. ಅವಳು ಕೂತಳು. ಕೂರಿಸಲಾಯಿತು. ಒಂದು ಕೈ ಮಡಿಲಿಗೆ ಬಂತು. ಇನ್ನೊಂದು ಕೈ ಅದರ ಮೇಲೆ ಬಂತು. ಚಿತ್ರದಲ್ಲಿದ್ದಂತೆಯೇ. ಬೆರಳು ಮರಗಟ್ಟಿದವು. ಉಗುರಿನ ಬುಡದಿಂದ ಬಣ್ಣದ ಬಿರುಕು ಏಳತೊಡಗಿತು. ಕೂಗಬೇಕು. ದನಿಯಿಲ್ಲ. ಮೇಲೆ ನೋಡಬೇಕು. ಕಣ್ಣಿಲ್ಲ. ದೀಪ ಮಿಣುಕಿತು. ಆರಿತು. ಕತ್ತಲಲ್ಲಿ ಬಟ್ಟೆಯ ಮೇಲೆ ಕುಂಚ ಆಡುವ ಸದ್ದು. ಸರ್. ಸರ್. ಸರ್.

ಬಾಗಿಲು ದಢಾರನೆ ತೆರೆಯಿತು.

ಪರದೆ ಹರಿದ ಸದ್ದು. ಬಿಸಿಲು ಕೋಣೆಗೆ ನುಗ್ಗಿತು. ದೊಡ್ಡಮ್ಮ ನೆಲ ನೋಡಿಕೊಂಡೇ, ನೆಲದ ಮೇಲಿನ ಹತ್ತಿಯ ಕಪ್ಪು ಉಂಡೆಗಳ ಜಾಡು ಹಿಡಿದು ಚಿತ್ರದ ಕಾಲಬುಡಕ್ಕೆ ಬಂದಳು. ಕೈಯಿಂದ ತಡವಿದಳು. ಮಡಿಲು, ಎದೆ, ಕೊರಳು. ಉಬ್ಬು ಬೆರಳಿಗೆ ಸಿಕ್ಕಿತು.

"ಕರವಸ್ತ್ರ ಒದ್ದೆ ಮಾಡಿ ಎಂಜಲು ಕೊಟ್ಟಿದ್ದೆ ಅವತ್ತು," ಎಂದಳು. "ಇವತ್ತು ಇದನ್ನ ತಗೊಳ್ಳಿ ಮಾವನೋರೇ. ಥೂ!"

ಅಷ್ಟು ವರ್ಷ ನುಂಗಿದ್ದೆಲ್ಲ ಆ ಒಂದು ಉಗುಳಿನಲ್ಲಿತ್ತು. ಅದು ಕೊರಳ ಕುಳಿಗೆ ಬಡಿಯಿತು. ಬಣ್ಣ ಚರಚರ ಸದ್ದು ಮಾಡಿತು. ಗದ್ದ ಹಿಡಿದಿದ್ದ ಬೆರಳು ಬೆಂಕಿ ಮುಟ್ಟಿದಂತೆ ಸಡಿಲವಾದವು.

ಅಷ್ಟೇ ಸಾಕಾಯಿತು. ರಿಪೇರಿಯವಳು ಎದ್ದಳು. ಚಾಕು ಹಿಡಿದಳು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು. "ಪೂರ್ತಿ ಹೋಗುತ್ತೆ ಮಗಳೇ. ಯೋಚನೆ ಮಾಡು."

ಮಾಡಿಯಾಗಿತ್ತು. ಉಳಿದಿದ್ದ ಕೊನೆಯ ಪಿಸುಮಾತನ್ನು ಅವಳು ಎಲ್ಲಿ ಖರ್ಚು ಮಾಡಬೇಕೋ ಅಲ್ಲೇ ಮಾಡಿದಳು. ಚಿತ್ರದ ಕಿವಿಯ ಹತ್ತಿರ ಬಾಯಿಟ್ಟು, "ಗದ್ದ ಎತ್ತು," ಎಂದಳು. ಚಾಕು ಇಳಿಸಿದಳು.

ಮೇಲಿನ ಬಣ್ಣ ಎದ್ದಿತು. ಕೆಳಗಿನದು ಎದ್ದಿತು. ಕೂದಲ ಗಂಟು ಕಂಡಿತು. ಕಪ್ಪು, ಒದ್ದೆ. ಈಗತಾನೇ ಹಾಕಿದಷ್ಟು ಒದ್ದೆ. ಇಕ್ಕಳದಲ್ಲಿ ಹಿಡಿದು ಎಳೆದಳು. ತನ್ನ ಗಂಟಲಿನಿಂದಲೇ ಏನೋ ಬೇರು ಸಮೇತ ಬಂದಂತಾಯಿತು. ಎಳೆದಷ್ಟೂ ಬಂತು. ಮಾರುದ್ದ ಬಂತು. ತಗಡಿನ ಡಬ್ಬದಲ್ಲಿ ಹಾಕಿ ಕಡ್ಡಿ ಗೀರಿದಳು. ಬೆಂಕಿ ಹಸಿರಾಗಿ ಎದ್ದಿತು. ಗಂಡಸಿನ ದನಿ ಒಮ್ಮೆ, "ಅಲುಗಾಡಬೇ..." ಎಂದು ನಡುವೆ ನಿಂತುಹೋಯಿತು.

ಆಮೇಲೆ ನಗು. ಚಿತ್ರದೊಳಗಿನಿಂದ. ಬಾಯ್ತುಂಬ, ಎದೆತುಂಬ, ಗೋಡೆಗೆ ಬಡಿದು ತಿರುಗಿ ಬರುವ ನಗು. ಗಾಜಿನ ಬಾಟಲಿಗಳು ಝಣಝಣ ಎಂದವು. ಆ ದನಿ ತನ್ನದೇ ಎಂದು ರಿಪೇರಿಯವಳಿಗೆ ಗುರುತು ಸಿಕ್ಕಿತು. ತಡೆಯಲು ಅವಳು ಕೈ ಚಾಚಲಿಲ್ಲ. ಅದು ಕಿಟಕಿ ದಾಟಿ ಬೀದಿಗೆ ಹೋಯಿತು.

ಅವಳು ತಲೆ ಎತ್ತಿದಳು. ಕತ್ತು ಕಟಕಟ ಎಂದಿತು. ಚಿತ್ರದವಳ ಗದ್ದ ಮೇಲಿತ್ತು. ಕೊರಳಲ್ಲಿ ಚಾಕು ಮಾಡಿದ ಗಾಯ ಹಾಗೇ ಇತ್ತು. ತುಟಿ ತೆರೆದಿತ್ತು. ಕಣ್ಣು ನೇರವಾಗಿ, ನೋಡುವವರ ಕಣ್ಣಿನಲ್ಲಿತ್ತು. ಚೆಲುವೆ ಎಂದು ಯಾರೂ ಹೇಳುವಂತಿರಲಿಲ್ಲ. ಮನುಷ್ಯಳು ಎಂದು ಮಾತ್ರ ಹೇಳಬಹುದಿತ್ತು.

ಗದ್ದಲ ಕೇಳಿ ಯಜಮಾನ ಓಡಿಬಂದ. ಚಿತ್ರ ನೋಡಿದ. ಮುಖ ಬೂದಿಯಾಯಿತು.

"ಏನ್ ಮಾಡಿದ್ದೀರಿ! ಹಾಳು ಮಾಡಿಬಿಟ್ರಿ! ನೀವು ಇನ್ನೆಲ್ಲೂ ಕೆಲಸ ಮಾಡದ ಹಾಗೆ ಮಾಡ್ತೀನಿ. ಮಾತಾಡಿ! ಯಾಕೆ ಸುಮ್ಮನಿದ್ದೀರಿ? ಇಷ್ಟು ದಿನ ಬಾಯಿ ಇತ್ತಲ್ಲ?"

ಅವಳು ಅವನನ್ನು ನೋಡಿದಳು. ಸುಮ್ಮನೆ, ನೇರವಾಗಿ. ಅವನು ಇನ್ನೊಂದು ಮಾತು ತೆಗೆದ, ಅರ್ಧಕ್ಕೆ ನುಂಗಿದ. ಅವಳಿಂದ ಕಣ್ಣು ತಪ್ಪಿಸಿ ಚಿತ್ರದ ಕಡೆ ತಿರುಗಿದ, ಅಲ್ಲಿಯೂ ಅದೇ ನೋಟ. ಕೊನೆಗೆ ತಾಯಿಯ ಕಡೆ ತಿರುಗಿದ.

ದೊಡ್ಡಮ್ಮ ತಲೆ ಎತ್ತಿ ಮಗನ ಮುಖವನ್ನೇ ನೋಡುತ್ತಿದ್ದಳು. ಹಣೆ, ಹುಬ್ಬು, ಮೂಗು, ಬಾಯಿ. ಮೆಲ್ಲಗೆ, ಕೈಬಿಟ್ಟುಹೋಗಿದ್ದ ವಸ್ತುವನ್ನು ತಿರುವಿ ನೋಡುವಂತೆ. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಆ ಕಣ್ಣು ಒಣಗಿತು.

"ಥೇಟ್ ನಿಮ್ಮಜ್ಜನ ಹಾಗೇ ಇದ್ದೀಯಲ್ಲೋ," ಎಂದಳು.

ರಿಪೇರಿಯವಳು ಚಾಕು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹಾಕುವಾಗ ಬೆರಳಿಗೆ ಒಳಜೇಬಿನ ಕಾಗದ ತಾಗಿತು.

ಬೀದಿಗೆ ಬಂದು ಬಾಯಿ ತೆರೆದು ನೋಡಿದಳು. ಗಾಳಿಯ ಸದ್ದೂ ಇರಲಿಲ್ಲ. ಎದುರು ಕೂತು ಬಾಯ್ತುಂಬ ಹೇಳುತ್ತೇನೆಂದು ಕೂಡಿಟ್ಟಿದ್ದ ಮಾತೆಲ್ಲ ಹೋಗಿತ್ತು. ಅಳು ಬಂತು. ಅಳುವಿಗೂ ಸದ್ದಿರಲಿಲ್ಲ. ಆದರೆ ಕತ್ತು ನೇರವಾಗಿತ್ತು. ದಾರಿಯಲ್ಲಿ ಎದುರಾದವರಲ್ಲಿ ಕೆಲವರು ಬದಿಗೆ ಸರಿದರು. ಪಕ್ಕದ ಮನೆಯಾಕೆ ದೂರದಿಂದಲೇ ನೋಡಿ, ಲಕ್ಷಣ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು.

ಅಂಚೆ ಕಚೇರಿಯ ಗೋಡೆಯ ಮೇಲೆ, ಮಾಸಿದ ಚೌಕಟ್ಟಿನಲ್ಲಿ, ಆ ಚಿತ್ರದ ಅಚ್ಚು ಎಂದಿನಂತೆ ನೇತಾಡುತ್ತಿತ್ತು. ಗದ್ದ ಮೇಲಿತ್ತು. ಗುಮಾಸ್ತ ಕುರ್ಚಿಯನ್ನು ಇನ್ನೊಂದು ಗೋಡೆಗೆ ಎಳೆದುಕೊಂಡು, ತಲೆ ತಗ್ಗಿಸಿ ಮುದ್ರೆ ಒತ್ತುತ್ತಿದ್ದ.

"ಆ ಪಟ ಯಾರೋ ಬದಲಾಯಿಸಿದ್ದಾರಮ್ಮ," ಎಂದ ಅವಳಿಗೆ, ಸಣ್ಣ ದನಿಯಲ್ಲಿ. "ಈಗ ಸ್ವಲ್ಪ ಹೊತ್ತಿಗೆ ಮುಂಚೆ ಹಾಗಿರಲಿಲ್ಲ. ನೋಡ್ತಾನೇ ಇದ್ದಾಳೆ. ಕೆಲಸ ಮಾಡೋಕೇ ಆಗ್ತಿಲ್ಲ."

ಅವಳು ಬರೆಯುವ ಹಲಗೆಗೆ ದಾರದಿಂದ ಕಟ್ಟಿಟ್ಟಿದ್ದ ಪೆನ್ನು ತೆಗೆದುಕೊಂಡಳು. ಅಂಟಿಸಿದ್ದ ಲಕೋಟೆಯನ್ನು ಒಡೆಯಲಿಲ್ಲ. ಅಂಚುಗಳೆಲ್ಲ ಸವೆದು ಮೆತ್ತಗಾಗಿತ್ತು ಅದು. ಹಿಂಬದಿಗೆ ತಿರುಗಿಸಿ, ನಿಧಾನವಾಗಿ, ದುಂಡಗೆ ಬರೆದಳು:

‘ಅಕ್ಕಾ, ಈ ಸಲ ನೀನೇ ಮಾತಾಡಬೇಕು. ನಾನು ನಿನ್ನ ನೋಡ್ತಾ ಕೂತಿರ್ತೀನಿ.’

ಗೋಡೆಯ ಮೇಲಿನವಳ ಕಡೆ ಒಮ್ಮೆ ಕಣ್ಣೆತ್ತಿ ನೋಡಿದಳು. ಕೆಂಪು ಡಬ್ಬದ ಬಾಯಿಗೆ ಕಾಗದ ಹಾಕಿದಳು. ಅದು ತಳ ಮುಟ್ಟಿದ ಸದ್ದು ಕೇಳುವ ತನಕ ಅಲ್ಲೇ ನಿಂತಿದ್ದಳು.